ಒಂಟೆಯನ್ನು ಕಟ್ಟದವರ ತವಕ್ಕುಲ್

ಮಳೆಗಾಲ ಹಿಡಿದ ಕೂಡಲೇ ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಡ್ರಮ್ಮಿನ ನೀರು ಚೆಲ್ಲಿರಿ ಎಂದಾಗ, ಅಥವಾ ಮಗನು ಪೇಟೆಯಿಂದ ಸೊಳ್ಳೆಪರದೆ ತಂದಾಗ, ಮನೆಯ ಹಿರಿಯರೊಬ್ಬರು ಜಗುಲಿಯಿಂದಲೇ ಹೇಳುತ್ತಾರೆ: ಜ್ವರವು ತಕ್ದೀರಿನಲ್ಲಿದ್ದರೆ ಬಂದೇ ಬರುತ್ತದೆ, ಪರದೆ ಕಟ್ಟಿದ ಮಾತ್ರಕ್ಕೆ ಅಲ್ಲಾಹನ ವಿಧಿ ತಪ್ಪುತ್ತದೆಯೇ? ಈ ಮಾತು ಕೇಳಿದವರಿಗೆ ಈಮಾನಿನ ಮಾತಿನಂತೆಯೇ ತೋರುತ್ತದೆ. ಸೊಸೆ ಸುಮ್ಮನಾಗುತ್ತಾಳೆ. ಮಗನು ಪರದೆಯನ್ನು ಅಟ್ಟಕ್ಕೆ ಸೇರಿಸುತ್ತಾನೆ. ಆದರೆ ಇದು ಸೋಮಾರಿತನ. ಈಮಾನಿನ ಉಡುಪು ತೊಟ್ಟು ಮನೆಯೊಳಗೆ ಬಂದಿದೆ.

ಇದೇ ಹಿರಿಯರು ರಾತ್ರಿ ಮಲಗುವ ಮುನ್ನ ಬಾಗಿಲಿನ ಅಗುಳಿ ಹಾಕಲು ಮರೆಯುವುದಿಲ್ಲ. ಅಂಗಳದಲ್ಲಿ ಒಣಗಲು ಹರವಿದ ಅಡಿಕೆಗೆ ಕಾವಲು ಕೂರಿಸುತ್ತಾರೆ. ಜೋಳದ ಹೊಲಕ್ಕೆ ಹಂದಿ ನುಗ್ಗದಂತೆ ಬೇಲಿ ಕಟ್ಟುತ್ತಾರೆ. ಪಂಪ್‌ಸೆಟ್ಟಿನ ಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಕಳ್ಳನ ವಿಷಯದಲ್ಲಿ, ಹಂದಿಯ ವಿಷಯದಲ್ಲಿ ತಕ್ದೀರಿನ ಮಾತೇ ಬರುವುದಿಲ್ಲ. ಹೆಂಡತಿ ಮಕ್ಕಳು ಮಲಗುವ ಕೋಣೆಗೆ ನಾಲ್ಕು ಮೊಳ ಬಲೆ ಬೇಕೆಂದಾಗ ಮಾತ್ರ ಅವರಿಗೆ ಅಖೀದದ ಪಾಠ ನೆನಪಾಗುತ್ತದೆ. ಸೊತ್ತಿನ ಕಾವಲಿಗೆ ಒಂದು ಧರ್ಮ, ಜೀವದ ಕಾವಲಿಗೆ ಇನ್ನೊಂದು ಧರ್ಮ ಎಂಬುದನ್ನು ಇವರು ಯಾವ ಗ್ರಂಥದಲ್ಲಿ ಓದಿದರು?

ತಿರ್ಮಿದಿಯಲ್ಲಿರುವ ಒಂಟೆಯ ಹದೀಸ್ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಬೇಕೋ, ಬಿಟ್ಟು ಭರವಸೆಯಿಡಬೇಕೋ ಎಂದು ಕೇಳಿದವನಿಗೆ ಪ್ರವಾದಿ(ಸ)ರು ಮೊದಲು ಕಟ್ಟುವಂತೆಯೂ ಆಮೇಲೆ ಭರವಸೆಯಿಡುವಂತೆಯೂ ತಿಳಿಸಿದರು. ಅದೇ ಸಂಗ್ರಹದಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲದ ಇನ್ನೊಂದು ಹದೀಸ್ ಇದೆ. ನಮ್ಮ ಪ್ರಶ್ನೆಗೆ ಅದು ಇನ್ನೂ ನೇರವಾದ ಉತ್ತರ. ನಾವು ಮಾಡುವ ಚಿಕಿತ್ಸೆಯೂ ನಾವು ಕೈಗೊಳ್ಳುವ ರಕ್ಷಣೆಯ ಉಪಾಯಗಳೂ ಅಲ್ಲಾಹನ ವಿಧಿಯಲ್ಲಿ ಏನನ್ನಾದರೂ ತಡೆಯುತ್ತವೆಯೇ ಎಂದು ಪ್ರವಾದಿ(ಸ)ರನ್ನು ಕೇಳಲಾಯಿತು. ಅವೂ ಅಲ್ಲಾಹನ ವಿಧಿಯ ಭಾಗವೇ ಎಂದು ಅವರು ಉತ್ತರಿಸಿದರು. ಹಾಗಾದರೆ ಜ್ವರ ಮಾತ್ರವೇ ತಕ್ದೀರ್ ಅಲ್ಲ, ಪರದೆಯೂ ತಕ್ದೀರ್. ಅದನ್ನು ಕಟ್ಟುವ ಕೈಯೂ ತಕ್ದೀರ್. ಅಟ್ಟದ ಮೇಲೆ ಇಲಿಗೆ ಆಹಾರವಾಗುತ್ತಿರುವ ಪರದೆಯ ಬಗ್ಗೆ ನಾಳೆ ಪ್ರಶ್ನೆ ಬಂದರೆ, ವಿಧಿಯ ಮೇಲೆ ಹೊರೆ ಹಾಕಿ ಜಾರಿಕೊಳ್ಳುವ ಅವಕಾಶವನ್ನು ಈ ಹದೀಸ್ ಉಳಿಸಿಲ್ಲ.

ಹಿಜರಿ 18ರಲ್ಲಿ ಖಲೀಫ ಉಮರ್(ರ) ಸಿರಿಯಾದತ್ತ ಹೊರಟಿದ್ದಾಗ ಸರ್ಗ್ ಎಂಬಲ್ಲಿ ಸೇನಾನಾಯಕ ಅಬೂ ಉಬೈದಾ(ರ) ಮತ್ತಿತರರು ಎದುರಾಗಿ ಅಲ್ಲಿ ಸಾಂಕ್ರಾಮಿಕ ರೋಗ ಹಬ್ಬಿರುವುದನ್ನು ತಿಳಿಸಿದರು. ಮುಹಾಜಿರರು, ಅನ್ಸಾರರು, ಕುರೈಶರ ಹಿರಿಯರು ಹೀಗೆ ಎಲ್ಲರೊಡನೆ ಸಮಾಲೋಚಿಸಿ ಉಮರ್(ರ) ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದರು. ನಮ್ಮ ಜಗುಲಿಯ ಹಿರಿಯರ ಪ್ರಶ್ನೆಯೂ ಇದೇ ಆಗಿದೆ. ಹದಿನಾಲ್ಕು ಶತಮಾನಗಳ ಹಿಂದೆಯೇ ಉತ್ತರ ದೊರೆತ ಪ್ರಶ್ನೆ. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಸಾಗುತ್ತಿರುವುದಾಗಿ ಹೇಳಿದ ಉಮರ್(ರ), ದನಗಾಹಿಯ ಉದಾಹರಣೆ ಕೊಟ್ಟರು: ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು, ಎರಡರಲ್ಲಿ ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ? ದನ ಸಾಕುವ ನಮ್ಮವರಿಗೆ ಇದಕ್ಕಿಂತ ಸುಲಭವಾದ ವಿವರಣೆ ಬೇಕಿಲ್ಲ. ಬರಡು ಬದಿಗೆ ದನ ಅಟ್ಟಿ ತಕ್ದೀರನ್ನು ದೂರುವ ದನಗಾಹಿಯನ್ನು ಯಾರೂ ಭಕ್ತನೆನ್ನುವುದಿಲ್ಲ.

ಇನ್ನೊಂದು ವಾದವೂ ಇದೆ. ಜ್ವರವನ್ನು ಶಪಿಸಬಾರದು, ಅದು ಪಾಪಗಳನ್ನು ಕಳೆಯುತ್ತದೆ ಎಂಬ ಸಹೀಹ್ ಹದೀಸನ್ನು ಮುಂದಿಟ್ಟು, ಹೀಗಿರುವಾಗ ಜ್ವರಕ್ಕೇಕೆ ಅಷ್ಟೊಂದು ಅಂಜಿಕೆ ಎನ್ನುವವರಿದ್ದಾರೆ. ಆ ಹದೀಸ್ ಜ್ವರದಿಂದ ನಡುಗುತ್ತಿದ್ದ ಒಬ್ಬ ಮಹಿಳೆಗೆ ಹೇಳಿದ ಸಾಂತ್ವನ. ಜ್ವರವನ್ನು ಕರೆದು ಮನೆಯಲ್ಲಿ ಕೂರಿಸಿಕೊಳ್ಳುವುದಕ್ಕೆ ಅದರಲ್ಲಿ ಅನುಮತಿಯಿಲ್ಲ. ಮುಹಾಜಿರರು ಮದೀನಕ್ಕೆ ಬಂದ ಹೊಸತರಲ್ಲಿ ಅಬೂಬಕರ್(ರ) ಮತ್ತು ಬಿಲಾಲ್(ರ) ತೀವ್ರ ಜ್ವರಕ್ಕೆ ತುತ್ತಾದಾಗ ಪ್ರವಾದಿ(ಸ)ರು ಏನು ಮಾಡಿದರು? ಪಾಪ ಕಳೆಯುತ್ತಿದೆಯೆಂದು ಸುಮ್ಮನಿರಲಿಲ್ಲ. ಮದೀನವನ್ನು ಆರೋಗ್ಯದ ನಾಡಾಗಿಸುವಂತೆಯೂ ಅಲ್ಲಿಯ ಜ್ವರವನ್ನು ಜುಹ್ಫಾಕ್ಕೆ ಸಾಗಿಸುವಂತೆಯೂ ಪ್ರಾರ್ಥಿಸಿದರು. ಇದನ್ನು ವರದಿ ಮಾಡಿದ ಆಯಿಶಾ(ರ) ಒಂದು ಮಾತನ್ನು ಸೇರಿಸಿದ್ದಾರೆ. ಬುಖಾರಿಯಲ್ಲಿ ಅದನ್ನು ಓದಿದಾಗಲೆಲ್ಲ ನನಗೆ ನಮ್ಮೂರಿನ ಹಳ್ಳಗಳು ನೆನಪಾಗುತ್ತವೆ. ಆಗಿನ ಮದೀನ ಅತ್ಯಂತ ರೋಗಪೀಡಿತವಾದ ನೆಲವಾಗಿತ್ತೆಂದೂ ಬುತ್‌ಹಾನ್ ಕಣಿವೆಯಲ್ಲಿ ಕೆಟ್ಟ ನೀರು ಹರಿಯುತ್ತಿತ್ತೆಂದೂ ಅವರು ಹೇಳುತ್ತಾರೆ. ಜ್ವರವನ್ನೂ ಕೆಟ್ಟ ನೀರನ್ನೂ ಅವರು ಒಟ್ಟಿಗೇ ನೆನೆದರು.

ಹಾಗೆಂದು ಹದೀಸಿನಲ್ಲಿ ಸೊಳ್ಳೆಯ ವಿಜ್ಞಾನ ಮೊದಲೇ ಇತ್ತೆಂದು ಬೀಗುವವರ ಗುಂಪಿಗೆ ನಾನು ಸೇರುವುದಿಲ್ಲ. ಅಂಥವರ ಸಂಖ್ಯೆ ಕಡಿಮೆಯೇನಿಲ್ಲ. ಸೂರಃ ಅಲ್ ಬಕರದ 26ನೇ ವಚನದಲ್ಲಿ ಸೊಳ್ಳೆಯ ಉಪಮೆ ಬರುತ್ತದೆ. ಅದನ್ನು ಹಿಡಿದು, ಸೊಳ್ಳೆಯ ಬೆನ್ನ ಮೇಲಿನ ಸೂಕ್ಷ್ಮಜೀವಿಯನ್ನು ಕುರ್‌ಆನ್ ಮೊದಲೇ ತಿಳಿಸಿತ್ತೆಂಬ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಸುಬ್‌ಹಾನಲ್ಲಾಹ್ ಎಂದು ಬರೆದು ಹತ್ತು ಜನರಿಗೆ ಕಳುಹಿಸುವವನ ಮನೆಯ ಹಿಂದಿನ ಡ್ರಮ್ಮಿನಲ್ಲಿ ಅದೇ ಸೊಳ್ಳೆಯ ಮರಿಗಳು ತಲೆಕೆಳಗಾಗಿ ತೇಲುತ್ತಿರುತ್ತವೆ. ಸೊಳ್ಳೆಯಂಥ ಅಲ್ಪ ಜೀವಿಯಿಂದಲೂ ಪಾಠ ಕಲಿಯುವವರಿದ್ದಾರೆ, ಕಲಿಯದವರೂ ಇದ್ದಾರೆ ಎಂಬುದು ಆ ವಚನದ ಆಶಯ. ವಿಡಿಯೊ ಕಳುಹಿಸಿದವರು ಯಾವ ಗುಂಪಿನವರೆಂದು ಅವರ ಡ್ರಮ್ಮು ಹೇಳುತ್ತದೆ.

ನಮ್ಮ ನೆಲದ ಚರಿತ್ರೆಯನ್ನು ನಾವು ಮರೆತಿದ್ದೇವೆ. ಸೊರಬ ಕೆರೆಗಳ ತಾಲೂಕು. ವರದಾ, ದಂಡಾವತಿ ಹರಿಯುವ ಭತ್ತದ ನಾಡು. ಶಿಕಾರಿಪುರಕ್ಕೆ ಕುಮುದ್ವತಿ ಮತ್ತು ಅಂಜನಾಪುರದ ಜಲಾಶಯವಿವೆ. ನೀರಿನ ಈ ಅನುಗ್ರಹದ ಜೊತೆಗೆ ಚಳಿಜ್ವರದ ಪರೀಕ್ಷೆಯೂ ಇತ್ತು. 1900ರ ನಂತರದ ದಶಕಗಳಲ್ಲಿ ಮೈಸೂರು ಸಂಸ್ಥಾನದ ಇತರ ಭಾಗಗಳಲ್ಲಿ ಜನಸಂಖ್ಯೆ ಏರುತ್ತಿದ್ದಾಗ ಮಲೆನಾಡಿನಲ್ಲಿ ಅದು ಇಳಿಯುತ್ತಿದ್ದುದನ್ನು ಸಂಸ್ಥಾನದ ಜನಗಣತಿ ವರದಿಗಳು ಮತ್ತೆ ಮತ್ತೆ ದಾಖಲಿಸಿವೆ. ಅದಕ್ಕೆ ಕೊಟ್ಟ ಮುಖ್ಯ ಕಾರಣ ಮಲೇರಿಯಾ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡಿಗೆಂದೇ ಪ್ರತ್ಯೇಕ ಸುಧಾರಣಾ ಯೋಜನೆ ರೂಪಿಸಬೇಕಾಯಿತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನದ ಕೇಂದ್ರಗಳು ತೆರೆದವು. ಹೊಟ್ಟೆಯಲ್ಲಿ ಗುಲ್ಮ ಊದಿಕೊಂಡ ಮಕ್ಕಳು, ಪಾಳುಬಿದ್ದ ಮನೆಗಳು, ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುವ ಬಯಲುಸೀಮೆಯವರು: ನಮ್ಮ ಅಜ್ಜಂದಿರ ಕಾಲದ ಸಂಗತಿಗಳಿವು.

ಆಮೇಲೆ ಡಿಡಿಟಿ ಬಂತು. ಸ್ವಾತಂತ್ರ್ಯದ ಕಾಲಕ್ಕೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರಕಾರದ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾಗಿ 1960ರ ದಶಕದ ಮಧ್ಯದಲ್ಲಿ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. ಇನ್ನೇನು ಮುಗಿಯಿತೆಂದು ಎಲ್ಲರೂ ಕೈಚೆಲ್ಲಿ ಕುಳಿತರು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ಇಂದು ಕರ್ನಾಟಕದಲ್ಲಿ ಮಲೇರಿಯಾ ಬಹಳ ಇಳಿದಿದೆ, ನಿಜ. ದೇಶವು 2030ರೊಳಗೆ ಅದನ್ನು ಪೂರ್ತಿ ನಿರ್ಮೂಲ ಮಾಡುವ ಗುರಿಯಿಟ್ಟುಕೊಂಡಿದೆ. ಹಿಂದಿನಂತೆ ಈಗಿಲ್ಲ, ಏಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರು ಆ 11 ವರ್ಷಗಳ ಲೆಕ್ಕವನ್ನು ಇನ್ನೊಮ್ಮೆ ನೋಡಲಿ. ನಮ್ಮ ಹುಡುಗರು ಗಾರೆ ಕೆಲಸಕ್ಕೆಂದು ಹೋಗುವ ಮಂಗಳೂರು ದಶಕಗಳ ಕಾಲ ರಾಜ್ಯದ ಮಲೇರಿಯಾದ ಕೇಂದ್ರವಾಗಿತ್ತು. ಹಬ್ಬಕ್ಕೆ ಊರಿಗೆ ಮರಳುವವನು ಮಕ್ಕಳಿಗೆ ಬಟ್ಟೆ ತರುತ್ತಾನೆ. ರಕ್ತದಲ್ಲಿ ರೋಗಾಣುವನ್ನೂ ತರಬಹುದು. ಅದನ್ನು ಅವನಿಂದ ಪಕ್ಕದ ಮನೆಗೆ ಸಾಗಿಸಲು ಬೇಕಾದ ಸೊಳ್ಳೆಯನ್ನು ನಾವು ಇಲ್ಲಿ ಸಾಕಿಟ್ಟಿರುತ್ತೇವೆ. ಇತ್ತ ಮಲೇರಿಯಾದ ಜಾಗಕ್ಕೆ ಡೆಂಗ್ಯೂ ಬಂದು ಕುಳಿತಿದೆ. ಕ್ಯಾಸನೂರು ಕಾಡು ಇರುವುದು ನಮ್ಮ ಸೊರಬದಲ್ಲೇ. 1957ರಲ್ಲಿ ಅಲ್ಲಿ ಮಂಗಗಳು ಸತ್ತುಬಿದ್ದ ಮೇಲೆ ಪತ್ತೆಯಾದ ರೋಗವನ್ನು ಜಗತ್ತಿನ ವೈದ್ಯಗ್ರಂಥಗಳು ಇಂದಿಗೂ ಆ ಊರಿನ ಹೆಸರಿನಿಂದಲೇ ಕರೆಯುತ್ತವೆ. ಅದನ್ನು ಹರಡುವುದು ಉಣುಗು, ಸೊಳ್ಳೆಯಲ್ಲ. ಅದರ ಮಾತು ಬೇರೆಯೇ ಬರೆಯಬೇಕಾದದ್ದು. ಆದರೆ ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಲು ಕೊಟ್ಟ ಎಣ್ಣೆಯ ಸೀಸೆ ಗೂಡಿನಲ್ಲಿ ಧೂಳು ತಿನ್ನುವುದಕ್ಕೂ ಪರದೆ ಅಟ್ಟ ಸೇರುವುದಕ್ಕೂ ಕಾರಣ ಒಂದೇ.

ನಮ್ಮವರಿಗೆ ತಿಳಿವಳಿಕೆ ಇಲ್ಲವೆಂದು ಹೊರಗಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೊಳ್ಳೆಯಿಂದ ಚಳಿಜ್ವರ ಬರುತ್ತದೆಂದು ಏಳನೇ ತರಗತಿಯ ಹುಡುಗಿಗೂ ಎಪ್ಪತ್ತರ ಅಜ್ಜಿಗೂ ಗೊತ್ತು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಇದನ್ನು ಕಂಡುಹಿಡಿಯುವಾಗ ಸೊಳ್ಳೆಗಳಿಂದ ಕಚ್ಚಿಸಿಕೊಂಡ ರೋಗಿಯ ಹೆಸರು ಹುಸೇನ್ ಖಾನ್. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಅವನಿಗೆ ಸಿಕ್ಕಿತು. ಮರುವರ್ಷ ಕಲಕತ್ತೆಯಲ್ಲಿ ರಾಸ್‌ಗೆ ನೆರವಾದ ಸಹಾಯಕ ಮುಹಮ್ಮದ್ ಬಕ್ಷ್. ನೊಬೆಲ್ ಪಾರಿತೋಷಕ ರಾಸ್‌ಗೆ ಬಂತು, ಇವರ ಹೆಸರು ಅಡಿಟಿಪ್ಪಣಿಗೆ ಸೇರಿತು. ಅದು ಬೇರೆಯೇ ಒಂದು ದುಃಖ. ಈ ತಿಳಿವಳಿಕೆ ಹುಟ್ಟಿದಾಗ ನಮ್ಮವರು ಬಾಗಿಲ ಹೊರಗೆ ನಿಂತಿರಲಿಲ್ಲ ಎಂಬುದಷ್ಟೇ ಇಲ್ಲಿಯ ಮಾತು. ತಿಳಿವಳಿಕೆ ಇದೆ. ಅದು ನಡತೆಗೆ ಇಳಿಯುತ್ತಿಲ್ಲ.

ಅರ್ಧ ತಿಳಿವಳಿಕೆಯೂ ಒಂದಿಷ್ಟಿದೆ ಎನ್ನಬೇಕು. ಚರಂಡಿ ಸ್ವಚ್ಛವಾಗಿದ್ದರೆ ಸಾಕು ಎಂಬುದು ಅಂಥದ್ದು. ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ಆನೆಕಾಲಿನ ಸೊಳ್ಳೆ. ಮಲೇರಿಯಾದ ಅನಾಫಿಲಿಸ್ ಸೊಳ್ಳೆಗೆ ತಿಳಿಯಾದ ನಿಂತ ನೀರೇ ಬೇಕು: ಗದ್ದೆಯ ಬದುವಿನ ಮಡು, ಬಾವಿ, ಕೃಷಿ ಹೊಂಡ, ಹಳ್ಳದ ಅಂಚು, ಮುಚ್ಚಳವಿಲ್ಲದ ಸಿಂಟೆಕ್ಸ್ ಟ್ಯಾಂಕು. ಡೆಂಗ್ಯೂವಿನ ಈಡಿಸ್ ಸೊಳ್ಳೆಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮಡಿಕೆಯಲ್ಲಿ ನಿಂತ ನೀರು ಸಾಕು. ಅದು ಹಗಲು ಕಚ್ಚುತ್ತದೆ, ಅನಾಫಿಲಿಸ್ ಕತ್ತಲಾದ ಮೇಲೆ. ಮಗ್ರಿಬ್‌ನಿಂದ ಫಜ್ರ್‌ವರೆಗೆ ಅದರ ಹೊತ್ತು. ಮಗ್ರಿಬ್ ಹೊತ್ತಿಗೆ ಹಾಕುವ ಲೋಬಾನದ ಹೊಗೆ ಆರಿದ ಮೇಲೆ ಸೊಳ್ಳೆ ಮರಳಿ ಬರುತ್ತದೆ. ಸುಗಂಧಕ್ಕೆ ಹಾಕಿ, ರಕ್ಷಣೆಯೆಂದು ನಂಬಬೇಡಿ. ಶುಂಠಿ, ಜೋಳದ ಹೊಲಗಳ ರಾತ್ರಿ ಕಾವಲಿಗೆ ಹೋಗುವವರು ಕಂಬಳಿ, ಟಾರ್ಚು, ಬೀಡಿ ಎಲ್ಲವನ್ನೂ ಒಯ್ಯುತ್ತಾರೆ. ಪರದೆಯನ್ನು ಮಾತ್ರ ಒಯ್ಯುವುದಿಲ್ಲ.

ಇನ್ನು ಮನೆಯೊಳಗಿನ ಮಾತು. ನಮ್ಮ ಗಂಡಸರು ಸೂರಃ ಅನ್ನಿಸಾದ 34ನೇ ವಚನವನ್ನು ಎಲ್ಲಿಯಾದರೂ ಯಾವ ಹೊತ್ತಿನಲ್ಲಾದರೂ ಉದ್ಧರಿಸಬಲ್ಲರು. ನಾವು ಖವ್ವಾಮ್‌ಗಳು, ಮೇಲ್ವಿಚಾರಕರು ಎನ್ನುತ್ತಾರೆ. ಒಳ್ಳೆಯದು. ಹಾಗಾದರೆ ಮನೆಯಲ್ಲಿ ಒಂದೇ ಫ್ಯಾನು, ಒಂದೇ ಪರದೆ ಇದ್ದರೆ ಅದರ ಕೆಳಗೆ ಮಲಗುವವರು ಯಾರು? ಅಡುಗೆಮನೆಯ ಪಕ್ಕದ ಗಾಳಿಯಿಲ್ಲದ ಕೋಣೆಯಲ್ಲಿ ಸೆರಗು ಹೊದ್ದು ಸೊಳ್ಳೆ ಓಡಿಸುತ್ತ ಮಲಗುವವಳು ಯಾರು? ಅವಳು ಬಸುರಿಯಾಗಿದ್ದರೆ ಮಲೇರಿಯಾ ಅವಳಿಗೆ ದುಪ್ಪಟ್ಟು ಅಪಾಯಕಾರಿ. ರಕ್ತ ಒಡೆದು ರಕ್ತಹೀನತೆ ಹೆಚ್ಚುತ್ತದೆ, ಗರ್ಭಪಾತವಾಗಬಹುದು, ಮಗು ಕಡಿಮೆ ತೂಕದ್ದಾಗಿ ಹುಟ್ಟಬಹುದು. ಐದು ವರ್ಷದೊಳಗಿನ ಮಗುವಿಗೂ ಹಾಗೆಯೇ. ಜಗತ್ತಿನಲ್ಲಿ ಮಲೇರಿಯಾದಿಂದ ಸಾಯುವವರಲ್ಲಿ ಅತಿ ಹೆಚ್ಚಿನವರು ಪುಟ್ಟ ಮಕ್ಕಳೇ. ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಹಿಂಡಿನ ಬಗ್ಗೆ ಅವನನ್ನು ವಿಚಾರಿಸಲಾಗುವುದು ಎಂಬ ಹದೀಸನ್ನು ಬುಖಾರಿ, ಮುಸ್ಲಿಮ್ ಇಬ್ಬರೂ ಉಲ್ಲೇಖಿಸಿದ್ದಾರೆ. ಬೆಚ್ಚನೆಯ ಗುಡಿಸಲಿನೊಳಗೆ ತಾನು ಮಲಗಿ ಹಿಂಡನ್ನು ಬಯಲಲ್ಲಿ ಬಿಡುವವನನ್ನು ಕುರಿಗಾಹಿ ಎನ್ನಲು ಬರುವುದಿಲ್ಲ. ಸೊಳ್ಳೆಯ ಕೆಲಸ ಹೆಂಗಸರದ್ದು, ಮನೆ ಗುಡಿಸುವಾಗ ನೋಡಿಕೊಳ್ಳಲಿ ಎಂಬ ವಿಭಜನೆಯನ್ನು ಯಾವ ಫಿಕ್‌ಹ್ ಗ್ರಂಥವೂ ಮಾಡಿಲ್ಲ. ಇನ್ನೂರು ಲೀಟರಿನ ಡ್ರಮ್ಮನ್ನು ಬೋರಲು ಹಾಕಿ ತಿಕ್ಕಿ ಒಣಗಿಸುವುದು, ಮಾಡಿಗೆ ಏರಿ ಟ್ಯಾಂಕಿನ ಮುಚ್ಚಳ ಕಟ್ಟುವುದು, ತೋಟದ ಹಾಳೆಗಳನ್ನು ಆಯ್ದು ರಾಶಿ ಹಾಕುವುದು ಗಂಡಸಿನ ತೋಳಿನ ಕೆಲಸ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಒಣಗಿಸಿದರೆ ಅದರ ಸಂತತಿ ಅಲ್ಲಿಗೇ ನಿಲ್ಲುತ್ತದೆ. ಜುಮಾದ ಸ್ನಾನಕ್ಕೆ ಮುಂಚಿನ ಅರ್ಧ ಗಂಟೆ ಇದಕ್ಕೆ ಸಾಕು.

ಪರದೆ ಇದ್ದವರೂ ಅದನ್ನು ಬಳಸುವ ಬಗೆ ನೋಡಿದರೆ ನಗು ಬರುತ್ತದೆ. ಅದು ಕೋಳಿಗೂಡಿನ ಸುತ್ತ ಇರುತ್ತದೆ, ಮೆಣಸಿನ ಸಸಿಮಡಿಯ ಮೇಲೆ ಇರುತ್ತದೆ, ಹಳ್ಳದಲ್ಲಿ ಮೀನು ಹಿಡಿಯಲು ಹೋಗಿರುತ್ತದೆ. ಕೀಟನಾಶಕ ಲೇಪಿಸಿದ ಪರದೆಯ ಔಷಧ ಸುಮಾರು ಇಪ್ಪತ್ತು ಒಗೆತಗಳವರೆಗೆ, ಎರಡು ಮೂರು ವರ್ಷಗಳವರೆಗೆ ಉಳಿಯುತ್ತದೆ. ಅದನ್ನು ಕಲ್ಲಿಗೆ ಬಡಿದು ಒಗೆದು ಬಿಸಿಲಿಗೆ ಹಾಕಿದರೆ ಬೇಗನೆ ಹೋಗುತ್ತದೆ; ಸೌಮ್ಯ ಸೋಪಿನಲ್ಲಿ ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಹಳ್ಳದಲ್ಲಿ ಮಾತ್ರ ತೊಳೆಯಬೇಡಿ, ಮೀನುಗಳಿಗೆ ಅದು ವಿಷ.

ನಿಂತ ನೀರು ನನ್ನ ಅಂಗಳದ್ದು, ನನ್ನಿಷ್ಟ ಎನ್ನುವವರಿಗೆ ಶರೀಅತ್ ಆ ಸ್ವಾತಂತ್ರ್ಯ ಕೊಟ್ಟಿಲ್ಲ. ಸೊಳ್ಳೆ ಬೇಲಿ ನೋಡಿ ನಿಲ್ಲುವುದಿಲ್ಲ. ಯಾರ ಕೇಡಿನಿಂದ ನೆರೆಯವನು ಸುರಕ್ಷಿತನಲ್ಲವೋ ಅವನಲ್ಲಿ ಈಮಾನ್ ಇಲ್ಲವೆಂದು ಪ್ರವಾದಿ(ಸ)ರು ಆಣೆಯಿಟ್ಟು ಹೇಳಿದ್ದಾರೆ. ನೆರೆಯವನು ಮುಸ್ಲಿಮನೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಇತರರಿಗೆ ಹಾನಿ ಮಾಡಕೂಡದೆಂಬುದು ಇಬ್ನು ಮಾಜಃ ವರದಿ ಮಾಡಿದ ಹದೀಸಿನ ಮೇಲೆ ನಿಂತ ಫಿಕ್‌ಹ್‌ನ ಮೂಲನಿಯಮಗಳಲ್ಲೊಂದು. ರಾತ್ರಿ ಪಾತ್ರೆಗಳನ್ನು ಮುಚ್ಚಿಡಿರಿ, ನೀರಿನ ಚೀಲಗಳ ಬಾಯಿ ಕಟ್ಟಿರಿ ಎಂಬ ಆದೇಶವನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಆ ಹದೀಸಿನಲ್ಲಿ ಮುಚ್ಚದ ಪಾತ್ರೆಗೆ ರೋಗ ಇಳಿಯುವ ಎಚ್ಚರಿಕೆಯೂ ಇದೆ. ಮಿಸ್ವಾಕಿನ ಸುನ್ನತ್ ಪಾಲಿಸುವ ನಾವು ಮುಚ್ಚಳದ ಸುನ್ನತನ್ನು ಏಕೆ ಬಿಟ್ಟೆವು? 2024ರಲ್ಲಿ ಡೆಂಗ್ಯೂ ಉಲ್ಬಣಿಸಿದಾಗ ರಾಜ್ಯ ಸರಕಾರವು ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡ ಗೊತ್ತುಪಡಿಸಿತು: ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ. ಆ ಸುದ್ದಿ ಬಂದ ದಿನ ಡ್ರಮ್ಮಿಗೆ ಮುಚ್ಚಳ ಹುಡುಕಿದವರಿದ್ದಾರೆ. ಪ್ರವಾದಿ(ಸ)ರ ಮಾತಿಗೆ ಹುಡುಕದ ಮುಚ್ಚಳ ಇನ್ನೂರು ರೂಪಾಯಿಗೆ ಸಿಕ್ಕಿತು!

ಜ್ವರ ಬಂದ ಮೇಲೆ ನಾವು ನಡೆದುಕೊಳ್ಳುವ ರೀತಿ ಇನ್ನೂ ನೋವಿನದು. ಚಳಿಯಿಂದ ಮೈ ನಡುಗಿ, ಕಣ್ಣು ಮೇಲಾಗಿ, ಅಸಂಬದ್ಧವಾಗಿ ಮಾತನಾಡತೊಡಗಿದವಳಿಗೆ ಜಿನ್ನ್ ಹಿಡಿದಿದೆ ಎನ್ನುತ್ತಾರೆ. ಆಮಿಲರನ್ನು ಕರೆಸುತ್ತಾರೆ, ತಾಯಿತ ಕಟ್ಟಿಸುತ್ತಾರೆ, ಎರಡು ದಿನ ಕಳೆಯುತ್ತವೆ. ಮೆದುಳಿಗೆ ಏರಿದ ಫಾಲ್ಸಿಪೆರಮ್ ಮಲೇರಿಯಾದ ಲಕ್ಷಣಗಳೂ ಇವೇ ಆಗಿವೆ. ಆ ಎರಡು ದಿನಗಳಲ್ಲಿ ಜೀವ ಹೋಗಬಹುದು. ದುಆ ಮಾಡಬೇಡಿ ಎನ್ನುವಷ್ಟು ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಕುಳಿತು ದುಆ ಮಾಡಿ. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿ(ಸ)ರು, ಮುಪ್ಪಿನ ಹೊರತು ಮದ್ದಿಲ್ಲದ ರೋಗವನ್ನು ಅಲ್ಲಾಹನು ಸೃಷ್ಟಿಸಿಲ್ಲವೆಂದು ತಿಳಿಸಿ ಚಿಕಿತ್ಸೆಗೆ ಆದೇಶಿಸಿದರು. ಜ್ವರ ಬಂದ 24 ಗಂಟೆಯೊಳಗೆ ರಕ್ತಪರೀಕ್ಷೆ ಆಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ, ಮದ್ದೂ ಉಚಿತ.

ಮದ್ದನ್ನು ಅರ್ಧಕ್ಕೆ ಬಿಡುವುದು ನಮ್ಮಲ್ಲಿ ಬಹಳ ಸಾಮಾನ್ಯ. ಮೂರನೆಯ ದಿನ ಜ್ವರ ಇಳಿಯಿತು, ಗುಳಿಗೆ ಉಷ್ಣವಾಗುತ್ತದೆ, ಸಾಕು ಎನ್ನುತ್ತಾರೆ. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲದು. ಅದನ್ನು ಕೊಲ್ಲಲು 14 ದಿನಗಳ ಪ್ರೈಮಾಕ್ವಿನ್ ಕೊಡುತ್ತಾರೆ. ಬಸುರಿಯರಿಗೂ ಹಸುಗೂಸುಗಳಿಗೂ ಅದನ್ನು ಕೊಡುವಂತಿಲ್ಲ, ಆದ್ದರಿಂದ ಒಬ್ಬರ ಗುಳಿಗೆಯನ್ನು ಇನ್ನೊಬ್ಬರಿಗೆ ಹಂಚುವುದು ಕೂಡದು. ರಮಝಾನಿನಲ್ಲಿ ಬೆರಳು ಚುಚ್ಚಿ ರಕ್ತ ಕೊಟ್ಟರೆ ಉಪವಾಸ ಮುರಿಯುತ್ತದೆಂದು ಹೆದರಿ ಪರೀಕ್ಷೆ ಮುಂದೂಡುವವರಿದ್ದಾರೆ. ಅಷ್ಟರಿಂದ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ಸ್ಪಷ್ಟಪಡಿಸಿದ್ದಾರೆ. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿಯನ್ನು ಸೂರಃ ಅಲ್ ಬಕರದ 184ನೇ ವಚನವೇ ಕೊಟ್ಟಿದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ತಿರಸ್ಕರಿಸಿ ಗುಳಿಗೆ ತಪ್ಪಿಸುವುದನ್ನು ಭಕ್ತಿಯೆಂದು ಕರೆಯಬಾರದು.

ಔಷಧ ಸಿಂಪಡಿಸುವವರು ಬಂದಾಗ ಪರ್ದಾದ ಕಾರಣ ಹೇಳಿ ಬಾಗಿಲು ಮುಚ್ಚುವುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಫ್ರಿಜ್ ರಿಪೇರಿಗೆ, ಕೇಬಲ್ ಜೋಡಣೆಗೆ ಬರುವ ಪರಪುರುಷರಿಗೆ ತೆರೆಯುವ ಬಾಗಿಲು ಇವರಿಗೇಕೆ ಮುಚ್ಚುತ್ತದೆ? ಹೆಂಗಸರು ಅರ್ಧ ಗಂಟೆ ಪಕ್ಕದ ಮನೆಯಲ್ಲಿ ಕುಳಿತರಾಯಿತು. ಮನೆಯ ಗಂಡಸೊಬ್ಬ ಆ ದಿನ ಉಳಿದು ಕೆಲಸ ಮಾಡಿಸಲಿ. ಸಿಂಪಡಿಸಿದ ಗೋಡೆಗೆ ಮರುವಾರವೇ ಸುಣ್ಣ ಬಳಿದರೆ ಮಾಡಿದ್ದೆಲ್ಲ ವ್ಯರ್ಥ.

ಕೊನೆಗೆ ಮಸೀದಿಗೆ ಬರುತ್ತೇನೆ, ಏಕೆಂದರೆ ಜಮಾಅತಿನ ಜವಾಬ್ದಾರರು ಇಲ್ಲಿಯವರೆಗೆ ಇದು ಮನೆಗಳವರ ವಿಷಯವೆಂದು ಓದುತ್ತಿರಬಹುದು. ಹೊಸ ಮಿನಾರಕ್ಕೆ, ಧ್ವನಿವರ್ಧಕಕ್ಕೆ ಚಂದಾ ಎತ್ತುವ ಸಮಿತಿಗಳು ವುಝೂವಿನ ಹೌಝ್‌ನೊಳಗೆ ಯಾವಾಗ ಇಣುಕಿ ನೋಡಿದವು? ನಳದ ನೀರು ಬಂದ ಮೇಲೆ ಬಳಕೆ ತಪ್ಪಿದ ಹಳೆಯ ಹೌಝ್‌ಗಳು ಊರಿನ ಅತಿ ದೊಡ್ಡ ಸೊಳ್ಳೆ ಸಾಕಣೆಯ ತೊಟ್ಟಿಗಳಾಗಿ ಕುಳಿತಿರುತ್ತವೆ. ಮಾಳಿಗೆಯ ಟ್ಯಾಂಕಿಗೆ ಮುಚ್ಚಳವಿಲ್ಲ. ಖಬರಸ್ಥಾನದಲ್ಲಿ ಗೋರಿಯ ತಲೆಯ ಬಳಿ ಇಟ್ಟ ನೀರಿನ ಬಟ್ಟಲು, ಹೂಕುಂಡ ಮಳೆಗೆ ತುಂಬಿರುತ್ತವೆ. ಫಜ್ರ್‌ಗೆ ಬಂದವರು ಸಾಲಿನಲ್ಲಿ ನಿಂತು ಕಾಲು ಕೆರೆದುಕೊಳ್ಳುತ್ತಾರೆ. ಅವರ ಏಕಾಗ್ರತೆ ಕೆಡುವುದಕ್ಕೂ ಸಮಿತಿಯೇ ಹೊಣೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಒಂದು ಖುತ್ಬಾವಾದರೂ ಈ ವಿಷಯಕ್ಕೆ ಮೀಸಲಾಗಲಿ. ಖುತ್ಬಾ ಮುಗಿದ ಮೇಲೆ ಹತ್ತು ಯುವಕರು ಬಕೆಟ್ ಹಿಡಿದು ಹೊರಡದಿದ್ದರೆ ಆ ಭಾಷಣದಿಂದ ಪ್ರಯೋಜನವಿಲ್ಲ.

ಹೌಝ್ ಖಾಲಿ ಮಾಡಲಾಗದು, ನೀರು ಬೇಕೇ ಬೇಕು ಎನ್ನುವವರಿಗೆ ಮೀನು ಇದೆ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಬಾವಿ, ಕೆರೆಗಳಿಗೆ ಗಪ್ಪಿ ಮತ್ತು ಗಂಬೂಸಿಯಾ ಮೀನುಗಳನ್ನು ಬಿಟ್ಟು ಸಂಶೋಧಕರು ಮಲೇರಿಯಾವನ್ನು ತಗ್ಗಿಸಿದ್ದರು. ಬೆರಳಿನ ಎರಡು ಗೆಣ್ಣಿನಷ್ಟೂ ಉದ್ದವಿಲ್ಲದ ಗಪ್ಪಿ ದಿನಕ್ಕೆ ಹತ್ತಾರು ಸೊಳ್ಳೆಮರಿಗಳನ್ನು ತಿನ್ನುತ್ತದೆ. ತಾನೇ ಮರಿ ಹಾಕಿ ಹೆಚ್ಚುತ್ತದೆ, ಮೇವು ಹಾಕಬೇಕಾಗಿಲ್ಲ. ಮೀನಿರುವ ನೀರಿನಲ್ಲಿ ವುಝೂ ಆಗುತ್ತದೆಯೇ ಎಂಬ ಸಂಶಯವನ್ನು ಕೆಲವರು ಎತ್ತಬಹುದು. ಆಗುತ್ತದೆ. ನೀರಿನಲ್ಲೇ ಹುಟ್ಟಿ ಬದುಕುವ ಜೀವಿ ಅದರಲ್ಲಿ ಸತ್ತರೂ ನೀರು ಅಶುದ್ಧವಾಗುವುದಿಲ್ಲವೆಂಬುದು ಹನಫಿ ಗ್ರಂಥಗಳ ಸ್ಪಷ್ಟ ನಿಲುವು. ಹಳೆಯ ಮಸೀದಿಗಳ ದೊಡ್ಡ ಹೌಝ್‌ಗಳಲ್ಲಿ ಮೀನುಗಳು ಓಡಾಡುವುದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೇವೆ. ಮೀನಿನ ಮರಿಗಳಿಗಾಗಿ ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ಒಯ್ಯುವಾಗ ಬಾಯಗಲದ ಪಾತ್ರೆ ಇರಲಿ, ಬಿಸಿಲು ತಾಗದಿರಲಿ. ಹೌಝ್‌ಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕೆಲವು ದಿನ ಕಾದು ಬಿಡಿ, ಇಲ್ಲದಿದ್ದರೆ ಮೀನು ಸಾಯುತ್ತವೆ.